ಕೃಷ್ಣೆಯ ಮಹಾಪೂರವೂ ಸರ್ವರಿನ ಅಳತೆಯೂ

ಸಾಂಗಲಿಯ ಇರ್ವಿನ್ ಸೇತುವೆಯ ಬಳಿ ಕೃಷ್ಣೆಯ ನೀರು 40 ಅಡಿಗೆ ಏರಿದರೆ ಎಚ್ಚರಿಕೆಯ ಮಟ್ಟವೆಂದೂ, 45 ಅಡಿಗೆ ಏರಿದರೆ ಅಪಾಯದ ಮಟ್ಟವೆಂದೂ ಗಣಿಸುವುದು ರೂಢಿ. 2019ರ ಆಗಸ್ಟ್ ತಿಂಗಳಲ್ಲಿ ಅದು 57 ಅಡಿಯನ್ನೂ ಮೀರಿ ಊರಿನ ಪೇಟೆಗಳನ್ನು ಹೊಕ್ಕಿತು. ಕೊಯ್ನಾ ಜಲಾಶಯದಿಂದ ಬಿಟ್ಟ ನೀರೂ, ಹರಿಪುರದ ಬಳಿ ಬಂದು ಕೂಡುವ ವಾರಣೆಯ ನೀರೂ ಸೇರಿ ನಾಳೆ ಯಾವ ಹೊತ್ತಿಗೆ ಎಷ್ಟು ಅಡಿ ಏರುವುದೆಂಬುದನ್ನು ಅಂತಹ ದಿನಗಳಲ್ಲಿ ಸಾಂಗಲಿ ಮಿರಜಗಳವರು ಮಾತ್ರವಲ್ಲ, ಹೊಳೆಯ ಕೆಳಗಣ ಅಥಣಿ, ರಾಯಬಾಗಗಳ ಕನ್ನಡಿಗರೂ ಕಾತರದಿಂದ ಕೇಳುತ್ತಿರುತ್ತಾರೆ.

ಇದಕ್ಕೆ ಉತ್ತರ ಹೇಳಬೇಕಾದದ್ದು ದತ್ತಾಂಶ ವಿಶ್ಲೇಷಣೆ. ವಿಶ್ವಬ್ಯಾಂಕಿನ ನೆರವಿನಿಂದ ನಡೆದ ಜಲವಿಜ್ಞಾನ ಯೋಜನೆಯ ಎರಡನೆಯ ಹಂತದಲ್ಲಿ ಮಹಾರಾಷ್ಟ್ರವು ಕೃಷ್ಣಾ ಮತ್ತು ಭೀಮಾ ಕೊಳ್ಳಗಳಿಗಾಗಿ ಇಂತಹ ಮುನ್ಸೂಚನೆಯ ವ್ಯವಸ್ಥೆಯೊಂದನ್ನು ಕಟ್ಟಿಸಿತು. ಇಂತಹ ಸೇವೆಗೆ ಎಷ್ಟು ದೊಡ್ಡ ಸರ್ವರ್ ಬೇಕು, ಎಷ್ಟು ಲೈಸೆನ್ಸ್ ಕೊಳ್ಳಬೇಕು ಎಂಬ ಪ್ರಶ್ನೆ ಕೇವಲ ಲೆಕ್ಕಪತ್ರದವರದೆಂದು ತೋರಬಹುದಾದರೂ, ಅದರ ಬುಡದಲ್ಲಿ ಸೊಗಸಾದ ಗಣಿತವಿದೆ.

ಮೊದಲು ಸಂಗ್ರಹದ ಮಾತು. ಮುನ್ನೂರು ಮಾಪನ ಕೇಂದ್ರಗಳು ಹದಿನೈದು ನಿಮಿಷಕ್ಕೊಮ್ಮೆ ಅಂಕಿಗಳನ್ನು ಕಳುಹಿಸುತ್ತವೆಂದು ಭಾವಿಸಿದರೆ, ವರ್ಷಕ್ಕೆ ಸುಮಾರು 1 ಕೋಟಿ 5 ಲಕ್ಷ ದಾಖಲೆಗಳಾಗುತ್ತವೆ. ಕೇಳಲು ಅಪಾರವೆನಿಸುವ ಈ ರಾಶಿ ಇಂದಿನ ಸಾಮಾನ್ಯ ಡಿಸ್ಕಿನ ಒಂದು ಮೂಲೆಯಲ್ಲಿ ಅಡಗಿಬಿಡುತ್ತದೆ. ತೊಡಕಿರುವುದು ಏಕಕಾಲದ ಬೇಡಿಕೆಯಲ್ಲಿ. ಒಂದು ವ್ಯವಸ್ಥೆಯೊಳಗೆ ಯಾವುದೇ ಗಳಿಗೆಯಲ್ಲಿ ಸರಾಸರಿ ಎಷ್ಟು ಕೆಲಸಗಳಿರುತ್ತವೆಂಬುದು, ಅವು ಬರುವ ವೇಗವನ್ನು ಪ್ರತಿಯೊಂದೂ ಒಳಗಿರುವ ಸರಾಸರಿ ಅವಧಿಯಿಂದ ಗುಣಿಸಿದಷ್ಟು ಎಂದು ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದರು. ಒಂದು ಗಣನೆಗೆ ಹತ್ತು ನಿಮಿಷ ಹಿಡಿಯುವುದಾದರೆ, ಗಂಟೆಗೆ ಆರು ಬೇಡಿಕೆಗಳು ಬರುವ ಬೇಸಿಗೆಯಲ್ಲಿ ಒಳಗಿರುವುದು ಒಂದೇ ಗಣನೆ. ಗಂಟೆಗೆ 120 ಬರುವ ಮಹಾಪೂರದ ರಾತ್ರಿಯಲ್ಲಿ ಇಪ್ಪತ್ತು. ಪ್ರತಿಯೊಂದಕ್ಕೂ 4 ಜಿಬಿ ರ್‍ಯಾಮ್ ಬೇಕಾದರೆ 80 ಜಿಬಿ. ವರ್ಷದ ಸರಾಸರಿಯನ್ನು ನಂಬಿ ಯಂತ್ರವನ್ನು ಕೊಂಡವರಿಗೆ, ಅದು ಅತ್ಯಗತ್ಯವಾದ ರಾತ್ರಿಯಲ್ಲಿಯೇ ಕೈಕೊಡುತ್ತದೆ.

ಹಾಗೆಂದು ಯಂತ್ರವನ್ನು ಅಂಚಿನವರೆಗೆ ದುಡಿಸುವಂತೆಯೂ ಇಲ್ಲ. ಗೊತ್ತುಗುರಿಯಿಲ್ಲದೆ ಬರುವ, ಹಿಡಿಯುವ ಕಾಲವೂ ಹಾಗೆಯೇ ಏರಿಳಿಯುವ ಕೆಲಸಗಳನ್ನು ಒಂದೇ ಯಂತ್ರ ಸರದಿಯಲ್ಲಿ ಮಾಡುವಾಗ, ಅದರ ಸಾಮರ್ಥ್ಯದ ಅರ್ಧ ಬಳಕೆಯಲ್ಲಿದ್ದರೆ ಕೆಲಸವೊಂದು ಮುಗಿಯಲು ಸರಾಸರಿ ಎರಡು ಪಟ್ಟು ಕಾಲವೂ, ನೂರಕ್ಕೆ ತೊಂಬತ್ತು ಬಳಕೆಯಲ್ಲಿದ್ದರೆ ಹತ್ತು ಪಟ್ಟು ಕಾಲವೂ ಹಿಡಿಯುತ್ತದೆ. ಸರಾಸರಿ ಹತ್ತು ನಿಮಿಷದ ಮುನ್ಸೂಚನೆ ನೂರು ನಿಮಿಷಕ್ಕೆ ಕೈಸೇರುವಷ್ಟರಲ್ಲಿ ನೀರು ಇನ್ನಷ್ಟು ಓಣಿಗಳನ್ನು ಹೊಕ್ಕಿರಬಹುದು.

ಲೈಸೆನ್ಸಿನ ವಿಷಯ ಇನ್ನೂ ಸೂಕ್ಷ್ಮವಾದದ್ದು. ಕೆಲವು ತಂತ್ರಾಂಶಗಳ ಬೆಲೆ ಬಳಕೆದಾರರ ತಲೆಯೆಣಿಕೆಯ ಮೇಲೆ, ಕೆಲವುಗಳದು ಪ್ರೊಸೆಸರಿನ ಕೋರ್‌ಗಳ ಮೇಲೆ. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ 2012ರ ಆವೃತ್ತಿಯಿಂದ ಕೋರ್ ಎಣಿಕೆಗೆ ಹೊರಳಿ, ಪ್ರತಿ ಪ್ರೊಸೆಸರಿಗೆ ಕನಿಷ್ಠ ನಾಲ್ಕು ಕೋರ್‌ಗಳ ಲೈಸೆನ್ಸನ್ನು ಕಡ್ಡಾಯ ಮಾಡಿತು. ಕೋರ್‌ಗಳನ್ನು ಇಮ್ಮಡಿಸಿದರೆ ಹಣ ಇಮ್ಮಡಿಯಾಗುವುದು ನಿಶ್ಚಿತ, ವೇಗವೂ ಇಮ್ಮಡಿಯಾಗುವುದೇ? ಜೀನ್ ಅಮ್ಡಾಲ್ 1967ರಲ್ಲಿ ಮುಂದಿಟ್ಟ ವಾದದಂತೆ, ಕೆಲಸದ ಹತ್ತನೆಯ ಒಂದು ಭಾಗ ಹಂಚಲಾಗದೆ ಒಂದರ ಹಿಂದೊಂದರಂತೆಯೇ ನಡೆಯಬೇಕಾದುದಾದರೆ, 16 ಕೋರ್‌ಗಳು ಅದನ್ನು 6.4 ಪಟ್ಟು ಶೀಘ್ರಗೊಳಿಸುತ್ತವೆ, 32 ಕೋರ್‌ಗಳು ಬರಿಯ 7.8 ಪಟ್ಟು, ಎಷ್ಟೇ ಕೋರ್‌ಗಳನ್ನು ಕೂಡಿಸಿದರೂ ಹತ್ತು ಪಟ್ಟನ್ನು ಮುಟ್ಟುವಂತಿಲ್ಲ. ಹೊಳೆಯ ಗಣನೆಯ ಸ್ವಭಾವವೂ ಇಂತಹುದೇ: ಈ ಗಳಿಗೆಯ ಮಟ್ಟ ತಿಳಿಯದೆ ಮುಂದಿನ ಗಳಿಗೆಯದನ್ನು ಲೆಕ್ಕಹಾಕಲಾಗದು.

ಆದುದರಿಂದ ವೇಗವುಳ್ಳ ಕೆಲವೇ ಕೋರ್‌ಗಳಿಗೆ ಲೈಸೆನ್ಸ್ ಕೊಂಡು, ಉಳಿದ ಹಣವನ್ನು ರ್‍ಯಾಮಿಗೆ ಮುಡಿಪಾಗಿಡುವುದು ಲೇಸೆಂದು ನನ್ನ ಅಭಿಪ್ರಾಯ. ಮಳೆಗಾಲದ ಹೆಚ್ಚುವರಿ ಹೊರೆಯನ್ನು ಅಂಕಿಅಂಶಗಳ ಗಣನೆಯ ಆರ್ ಭಾಷೆ, ಅಮೆರಿಕದ ಸೇನಾ ಇಂಜಿನಿಯರರು ಉಚಿತವಾಗಿ ನೀಡುವ, ಹೊಳೆಯ ಹರಿವನ್ನು ಲೆಕ್ಕಹಾಕುವ ಹೆಚ್‌ಇಸಿ-ರಾಸ್ ಮೊದಲಾದ, ಲೈಸೆನ್ಸ್ ಶುಲ್ಕವಿಲ್ಲದ ತಂತ್ರಾಂಶಗಳ ಮೇಲೆ ಹೊರಿಸಬಹುದು, ಅವನ್ನು ಬಲ್ಲ ಇಂಜಿನಿಯರರನ್ನು ವರ್ಷವಿಡೀ ಇಟ್ಟುಕೊಂಡಿದ್ದರೆ. ಕೊಳ್ಳುವ ಮುನ್ನ ಕರಾರುಪತ್ರದಲ್ಲಿ ನೋಡಲೇಬೇಕಾದ ಷರತ್ತು ಇನ್ನೊಂದುಂಟು: ಹಲವರು ಹಂಚಿಕೊಂಡು ಬಳಸುವ ಲೈಸೆನ್ಸುಗಳಲ್ಲಿ, ತಂತ್ರಾಂಶವನ್ನು ತೆರೆದಾಗಲೆಲ್ಲ ಅದು ಲೈಸೆನ್ಸ್ ಸರ್ವರೊಂದರ ಅನುಮತಿಯನ್ನು ಬೇಡುತ್ತದೆ; ಆ ಸರ್ವರ್ ದೂರದಲ್ಲಿರಲೂಬಹುದು. ಮಹಾಪೂರದಲ್ಲಿ ವಿದ್ಯುತ್ತಿನೊಡನೆ ಇಂಟರ್ನೆಟ್ಟೂ ಕಡಿದುಹೋದರೆ ಆ ಅನುಮತಿಯಿಲ್ಲದೆ ಎಷ್ಟು ದಿನ ತಂತ್ರಾಂಶ ನಡೆದೀತೆಂಬುದನ್ನು ಬರಹದಲ್ಲಿ ಪಡೆದು, ಮೇ ತಿಂಗಳಿನಲ್ಲಿಯೇ ಒಮ್ಮೆ ಸಂಪರ್ಕ ಕಿತ್ತು ಪರೀಕ್ಷಿಸಿಕೊಂಡಿರಬೇಕು.