ತಂತ್ರಾಂಶ ಮಾದರೀಕರಣದ ಬೋಧನೆ

ತಂತ್ರಾಂಶ ಮಾದರೀಕರಣದ ಬೋಧನೆಯು ತಂತ್ರಾಂಶ ಎಂಜಿನಿಯರಿಂಗ್ ಶಿಕ್ಷಣದ ಒಂದು ಭಾಗ. ಕಟ್ಟಬೇಕಾದ ತಂತ್ರಾಂಶದ ರಚನೆಯನ್ನೂ ವರ್ತನೆಯನ್ನೂ ಪ್ರೋಗ್ರಾಂ ಬರೆಯುವ ಮೊದಲೇ ರೇಖಾಚಿತ್ರಗಳ ಮೂಲಕ ಅಥವಾ ಔಪಚಾರಿಕ ಭಾಷೆಯ ಮೂಲಕ ನಿರೂಪಿಸುವುದನ್ನು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಇಲ್ಲಿ ಕಲಿಯುತ್ತಾರೆ. ಎಸಿಎಂ ಮತ್ತು ಐಇಇಇ ಕಂಪ್ಯೂಟರ್ ಸೊಸೈಟಿ ಜಂಟಿಯಾಗಿ ಪ್ರಕಟಿಸಿದ 2014ರ ಪಠ್ಯಕ್ರಮ ಮಾರ್ಗಸೂಚಿಯಲ್ಲಿ ಮಾದರೀಕರಣ ಮತ್ತು ವಿಶ್ಲೇಷಣೆಗೆ ಪ್ರತ್ಯೇಕ ಸ್ಥಾನವಿದೆ. ಹಾಗಿದ್ದರೂ ಇದು ಕಲಿಸಲು ಕಷ್ಟವಾದ ವಿಷಯಗಳಲ್ಲಿ ಒಂದು. ಪ್ರೋಗ್ರಾಂನಲ್ಲಿ ವ್ಯಾಕರಣದ ತಪ್ಪಿದ್ದರೆ ಕಂಪೈಲರ್ ತಡೆಯುತ್ತದೆ, ತರ್ಕದ ತಪ್ಪಿದ್ದರೆ ಫಲಿತಾಂಶ ಕೆಡುತ್ತದೆ. ಕಾಗದದ ಮೇಲೆ ಬರೆದ ಮಾದರಿ ಮಾತ್ರ ಎಷ್ಟೇ ತಪ್ಪಿದ್ದರೂ ಸುಮ್ಮನಿರುತ್ತದೆ.

ಮಾದರಿಯ ಲಕ್ಷಣ

ಜರ್ಮನಿಯ ಹರ್ಬರ್ಟ್ ಸ್ಟಾಕೋವಿಯಾಕ್ 1973ರಲ್ಲಿ ಪ್ರಕಟಿಸಿದ ಮಾದರಿ ಸಿದ್ಧಾಂತದಲ್ಲಿ ಮೂರು ಲಕ್ಷಣಗಳನ್ನು ಹೇಳಿದ್ದಾರೆ. ಮಾದರಿಯು ಬೇರೊಂದು ವಸ್ತುವನ್ನು ಪ್ರತಿನಿಧಿಸುತ್ತದೆ. ಆ ವಸ್ತುವಿನ ಎಲ್ಲ ಗುಣಗಳನ್ನೂ ಒಳಗೊಳ್ಳದೆ ಕೆಲವನ್ನು ಮಾತ್ರ ಉಳಿಸಿಕೊಳ್ಳುತ್ತದೆ. ನಿರ್ದಿಷ್ಟ ಉದ್ದೇಶಕ್ಕಾಗಿ ಬಳಕೆಯಾಗುತ್ತದೆ. ತರಗತಿಯಲ್ಲಿ ತೊಡಕಾಗುವುದು ಎರಡನೆಯದು. ಏನನ್ನು ಬಿಡಬೇಕೆಂಬುದನ್ನು ಸಂಕೇತಗಳ ಪಟ್ಟಿಯಿಂದ ಕಲಿಯಲಾಗದು. ಕೆಲವು ವಿದ್ಯಾರ್ಥಿಗಳು ಅಚ್ಚುಕಟ್ಟಾದ ವಿನ್ಯಾಸಗಳನ್ನು ರೂಪಿಸುತ್ತಾರೆ, ಉಳಿದವರಿಗೆ ಅದು ಸಾಧ್ಯವಾಗುವುದಿಲ್ಲ ಏಕೆ ಎಂಬ ಪ್ರಶ್ನೆಯನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಜೆಫ್ ಕ್ರೇಮರ್ 2007ರ ಲೇಖನವೊಂದರಲ್ಲಿ ಎತ್ತಿ, ಅಮೂರ್ತೀಕರಣದ ಸಾಮರ್ಥ್ಯವೇ ಅದಕ್ಕೆ ಉತ್ತರವಿರಬಹುದೆಂದು ವಾದಿಸಿದರು.

ಹಿನ್ನೆಲೆ

ಪೀಟರ್ ಚೆನ್ 1976ರಲ್ಲಿ ಮಂಡಿಸಿದ ಎಂಟಿಟಿ-ರಿಲೇಶನ್‌ಶಿಪ್ ಮಾದರಿಯು ದತ್ತಸಂಚಯ ಪಾಠಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಡೇವಿಡ್ ಹಾರೆಲ್ 1987ರಲ್ಲಿ ಸ್ಟೇಟ್‌ಚಾರ್ಟ್‌ಗಳನ್ನು ಪರಿಚಯಿಸಿದರು. ಗ್ರೇಡಿ ಬೂಚ್, ಜೇಮ್ಸ್ ರಂಬಾ ಮತ್ತು ಐವಾರ್ ಜಾಕೋಬ್‌ಸನ್ ತಮ್ಮ ಬೇರೆಬೇರೆ ಪದ್ಧತಿಗಳನ್ನು ಒಗ್ಗೂಡಿಸಿದ್ದರಿಂದ ಯುಎಂಎಲ್ ರೂಪುಗೊಂಡಿತು. ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಅದನ್ನು 1997ರಲ್ಲಿ ಮಾನಕವಾಗಿ ಅಂಗೀಕರಿಸಿತು. ಅಲ್ಲಿಂದ ಮುಂದೆ ಮಾದರೀಕರಣದ ಪಾಠವೆಂದರೆ ಬಹುಮಟ್ಟಿಗೆ ಯುಎಂಎಲ್ ಪಾಠವೆಂದೇ ಆಯಿತು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಗಣಕ ವಿಜ್ಞಾನ ಪಠ್ಯಕ್ರಮದಲ್ಲಿಯೂ ‘ಆಬ್ಜೆಕ್ಟ್ ಓರಿಯೆಂಟೆಡ್ ಮಾಡೆಲಿಂಗ್ ಅಂಡ್ ಡಿಸೈನ್’ ಎಂಬ ವಿಷಯವಿತ್ತು.

ಯುಎಂಎಲ್‌ನ ಎರಡನೆಯ ಆವೃತ್ತಿಯಲ್ಲಿ 14 ಬಗೆಯ ರೇಖಾಚಿತ್ರಗಳಿವೆ. ಒಂದೇ ಸೆಮಿಸ್ಟರಿನಲ್ಲಿ ಎಲ್ಲವನ್ನೂ ಮುಟ್ಟಿಹೋಗುವ ಪಾಠಗಳಲ್ಲಿ ವಿದ್ಯಾರ್ಥಿಗೆ ಬಾಣದ ತುದಿಗಳ ಆಕಾರ ನೆನಪಿರುತ್ತದೆ, ಬಾಣವನ್ನು ಎಲ್ಲಿಂದ ಎಲ್ಲಿಗೆ ಎಳೆಯಬೇಕೆಂಬ ವಿವೇಚನೆ ಬೆಳೆಯುವುದಿಲ್ಲ. ಕ್ಲಾಸ್, ಸೀಕ್ವೆನ್ಸ್ ಮತ್ತು ಸ್ಟೇಟ್ ರೇಖಾಚಿತ್ರಗಳಷ್ಟನ್ನೇ ಆಳವಾಗಿ ಕಲಿಸುವುದು ಇದಕ್ಕಿಂತ ಹೆಚ್ಚು ಫಲಕಾರಿ.

ಗ್ರಂಥಾಲಯದ ಉದಾಹರಣೆ

ಪಠ್ಯಪುಸ್ತಕಗಳಲ್ಲಿ ಪದೇ ಪದೇ ಬರುವ ಗ್ರಂಥಾಲಯದ ಸಮಸ್ಯೆಯು ಸವಕಲೆನಿಸಿದರೂ ಬೋಧನೆಯ ಕಷ್ಟವನ್ನು ಚೆನ್ನಾಗಿ ತೋರಿಸುತ್ತದೆ. ಸದಸ್ಯರು ಪುಸ್ತಕಗಳನ್ನು ಎರವಲು ಪಡೆಯುತ್ತಾರೆ, ಬೇರೆಯವರು ಒಯ್ದಿರುವ ಪುಸ್ತಕವನ್ನು ಕಾಯ್ದಿರಿಸುತ್ತಾರೆ ಎಂಬುದಷ್ಟೇ ವಿವರಣೆ. ವಿವರಣೆಯಲ್ಲಿನ ನಾಮಪದಗಳಿಗೆ ಅಡಿಗೆರೆ ಎಳೆದು ಕ್ಲಾಸ್‌ಗಳನ್ನು ಗುರುತಿಸುವ ವಿಧಾನವು ರಸೆಲ್ ಅಬಟ್ ಅವರ 1983ರ ಲೇಖನದಿಂದ ಪ್ರಚಾರಕ್ಕೆ ಬಂದಿತು. ಇದನ್ನು ಅನುಸರಿಸಿದ ವಿದ್ಯಾರ್ಥಿಯು ‘ಸದಸ್ಯ’ ಮತ್ತು ‘ಪುಸ್ತಕ’ ಎಂಬ ಎರಡು ಚೌಕಗಳನ್ನು ಬರೆದು, ಪುಸ್ತಕಕ್ಕೆ ಶೀರ್ಷಿಕೆ, ಲೇಖಕ, ಅಕ್ಸೆಷನ್ ಸಂಖ್ಯೆಗಳನ್ನು ಸೇರಿಸಿ, ನಡುವೆ ಒಂದು ಗೆರೆ ಎಳೆಯುತ್ತಾನೆ. ಸಂಕೇತಗಳ ದೃಷ್ಟಿಯಿಂದ ಇದರಲ್ಲಿ ತಪ್ಪೇನೂ ಇಲ್ಲ.

ಆದರೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಮೂರು ಪ್ರತಿಗಳು ಗ್ರಂಥಾಲಯದಲ್ಲಿವೆ ಎಂದುಕೊಂಡರೆ ಈ ಮಾದರಿ ನಿಲ್ಲುವುದಿಲ್ಲ. ಶೀರ್ಷಿಕೆಯನ್ನೂ ಲೇಖಕರ ಹೆಸರನ್ನೂ ಮೂರು ಬಾರಿ ದಾಖಲಿಸಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಾಯ್ದಿರಿಸುವ ಸದಸ್ಯನಿಗೆ ಮೂರರಲ್ಲಿ ಯಾವುದು ಸಿಕ್ಕರೂ ಆದೀತು; ಮನೆಗೆ ಒಯ್ಯುವುದು ಮಾತ್ರ ನಿರ್ದಿಷ್ಟವಾದ ಒಂದನ್ನು. ಅಂದರೆ ಕಾಯ್ದಿರಿಸುವುದು ಕೃತಿಯನ್ನು, ಎರವಲು ಪಡೆಯುವುದು ಪ್ರತಿಯನ್ನು. ಆಡುಮಾತಿನ ‘ಪುಸ್ತಕ’ ಎಂಬ ಒಂದೇ ಪದ ಈ ಎರಡನ್ನೂ ಮುಚ್ಚಿಟ್ಟಿರುವುದರಿಂದ ನಾಮಪದಗಳಿಗೆ ಅಡಿಗೆರೆ ಎಳೆಯುವುದರಿಂದ ಈ ಭೇದ ಕಾಣುವುದಿಲ್ಲ. ಹಿಂದಿರುಗಿಸಬೇಕಾದ ದಿನಾಂಕವು ಸದಸ್ಯನಿಗೂ ಸೇರುವುದಿಲ್ಲ, ಪ್ರತಿಗೂ ಸೇರುವುದಿಲ್ಲ. ಅದಕ್ಕೆ ‘ಎರವಲು’ ಎಂಬ ಮೂರನೆಯ ಕ್ಲಾಸ್ ಬೇಕಾಗುತ್ತದೆ.

ಇಂಥ ದೋಷವನ್ನು ಅಧ್ಯಾಪಕರೇ ತಿದ್ದಿಕೊಡುವ ಬದಲು, ನಿಜವಾದ ಹೆಸರು ಮತ್ತು ಸಂಖ್ಯೆಗಳಿರುವ ಆಬ್ಜೆಕ್ಟ್ ರೇಖಾಚಿತ್ರವನ್ನು ವಿದ್ಯಾರ್ಥಿಗಳಿಂದ ಬರೆಯಿಸಿದರೆ ತಪ್ಪು ಅವರಿಗೇ ಗೋಚರಿಸುತ್ತದೆ. ಮನೆಯ ಕಪಾಟಿನಲ್ಲಿರುವ ನೂರು ಪುಸ್ತಕಗಳ ಲೆಕ್ಕವಿಡುವವರಿಗೆ ಮೊದಲಿನ ಎರಡು ಚೌಕಗಳೇ ಸಾಕು ಎಂಬುದನ್ನೂ ಆಗಲೇ ಹೇಳಬೇಕಾಗುತ್ತದೆ. ಇಲ್ಲವಾದರೆ ಕ್ಲಾಸ್‌ಗಳು ಹೆಚ್ಚಿದಷ್ಟೂ ಮಾದರಿ ಉತ್ತಮವೆಂಬ ಭ್ರಮೆ ಉಳಿಯುತ್ತದೆ.

ಸಾಧನಗಳು

ಮಾದರಿಗೆ ಉತ್ತರಿಸುವ ಶಕ್ತಿ ಕೊಡುವ ಪ್ರಯತ್ನಗಳಲ್ಲಿ ಎರಡು ಗಮನಾರ್ಹ. ಕೆನಡಾದ ಒಟ್ಟಾವಾ ವಿಶ್ವವಿದ್ಯಾಲಯದಲ್ಲಿ ತಿಮೋತಿ ಲೆತ್‌ಬ್ರಿಜ್ ಮತ್ತು ಸಂಗಡಿಗರು ಅಭಿವೃದ್ಧಿಪಡಿಸಿದ ‘ಅಂಪಲ್’ನಲ್ಲಿ ಮಾದರಿಯನ್ನು ಪಠ್ಯರೂಪದಲ್ಲಿ ಬರೆದರೆ ರೇಖಾಚಿತ್ರವೂ ಜಾವಾ ಮೊದಲಾದ ಭಾಷೆಗಳ ಪ್ರೋಗ್ರಾಂ ಕೂಡ ದೊರೆಯುತ್ತವೆ. ಎಂಐಟಿಯ ಡೇನಿಯಲ್ ಜ್ಯಾಕ್ಸನ್ ರೂಪಿಸಿದ ‘ಅಲಾಯ್’ ಭಾಷೆಯ ದಾರಿ ಬೇರೆ. ಒಂದು ಪ್ರತಿಯು ಏಕಕಾಲದಲ್ಲಿ ಇಬ್ಬರ ಬಳಿ ಇರಲಾಗದೆಂಬ ನಿಯಮವನ್ನು ಬರೆಯಲು ಮರೆತ ವಿದ್ಯಾರ್ಥಿಯು, ಹಾಗಾಗುವುದಿಲ್ಲವೇ ಎಂದು ಪರೀಕ್ಷಿಸಲು ಹೊರಟರೆ, ವಿಶ್ಲೇಷಕವು ಇಬ್ಬರು ಸದಸ್ಯರು ಒಂದೇ ಪ್ರತಿಯನ್ನು ಹಿಡಿದಿರುವ ಪುಟ್ಟ ಪ್ರತ್ಯುದಾಹರಣೆಯನ್ನು ತೆರೆಯ ಮೇಲೆ ಇಡುತ್ತದೆ. ಆದರೆ ಅದು ನಿಗದಿಪಡಿಸಿದ ಗಾತ್ರದೊಳಗೆ ಮಾತ್ರ ಹುಡುಕುತ್ತದೆ. ಪ್ರತ್ಯುದಾಹರಣೆ ಸಿಗದಿರುವುದು ಮಾದರಿ ಸರಿಯೆಂಬುದಕ್ಕೆ ಪೂರ್ಣ ಸಾಕ್ಷಿಯಲ್ಲ.

ಮೌಲ್ಯಮಾಪನ ಮತ್ತು ಉದ್ಯಮದ ಬಳಕೆ

ಒಂದೇ ಸಮಸ್ಯೆಗೆ ಹಲವು ಒಪ್ಪತಕ್ಕ ಮಾದರಿಗಳು ಇರಬಹುದಾದ್ದರಿಂದ ಉತ್ತರಪತ್ರಿಕೆಯ ಮೌಲ್ಯಮಾಪನ ಸುಲಭವಲ್ಲ. ಮಾದರಿ ಉತ್ತರದೊಂದಿಗೆ ಚೌಕಗಳನ್ನು ಹೋಲಿಸಿ ಅಂಕ ಕೊಟ್ಟರೆ ಬಾಯಿಪಾಠಕ್ಕೆ ಪ್ರೋತ್ಸಾಹ ಸಿಗುತ್ತದೆ. ಸಿದ್ಧ ಮಾದರಿಯೊಂದನ್ನು ಕೊಟ್ಟು ಅದು ಯಾವ ಸನ್ನಿವೇಶದಲ್ಲಿ ವಿಫಲವಾಗುತ್ತದೆ ಎಂದು ಕೇಳುವುದು ಒಂದು ಪರ್ಯಾಯ. ವಿವರಣೆಯಿಂದ ನೇರವಾಗಿ ರೇಖಾಚಿತ್ರ ತಯಾರಿಸುವ ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದಮೇಲೆ ಈ ಬಗೆಯ ಪ್ರಶ್ನೆಗಳ ಅಗತ್ಯ ಹೆಚ್ಚಿದೆ.

ಉದ್ಯಮದಲ್ಲಿ ಬಳಕೆಯಿಲ್ಲದ್ದನ್ನು ಕಲಿಸುವುದೇಕೆ ಎಂಬ ಆಕ್ಷೇಪವೂ ಇದೆ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯ ಮರಿಯನ್ ಪೆಟ್ರೆ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂದರ್ಶಿಸಲಾದ 50 ವೃತ್ತಿಪರ ಅಭಿವೃದ್ಧಿಕಾರರ ಪೈಕಿ 35 ಮಂದಿ ಯುಎಂಎಲ್ ಬಳಸುವುದೇ ಇಲ್ಲವೆಂದರು. ಬಳಸುವವರಲ್ಲಿ ಹೆಚ್ಚಿನವರು ತಮಗೆ ಬೇಕಾದಷ್ಟನ್ನು ಮಾತ್ರ ಆಯ್ದುಕೊಳ್ಳುತ್ತಿದ್ದರು. ಈ ಸಂಖ್ಯೆ ಒಂದು ನಿರ್ದಿಷ್ಟ ಸಂಕೇತಪದ್ಧತಿಗೆ ಸಂಬಂಧಿಸಿದ್ದು. ಯುಎಂಎಲ್ ಬಿಟ್ಟವರೂ ಬಿಳಿ ಹಲಗೆಯ ಮೇಲೆ ಚೌಕ, ಗೆರೆಗಳನ್ನು ಬರೆದು ಚರ್ಚಿಸುವುದು ಕಚೇರಿಗಳಲ್ಲಿ ಸಾಮಾನ್ಯ. ಕೃತಿ ಮತ್ತು ಪ್ರತಿಗಳ ಭೇದ ಅಲ್ಲಿಯೂ ಅವರಿಗೆ ಎದುರಾಗುತ್ತದೆ.