ವೈದ್ಯರು ಕಲಿತದ್ದು ಯಾರ ಬಳಿ?

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಬಂಡೆ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂದು ಅದು ಹೇಳುತ್ತದೆ. ವೈದ್ಯ ವಿದ್ಯೆ ನಿಂತಿರುವುದೂ ಗುರು-ಶಿಷ್ಯರ ಈ ನಂಟಿನ ಮೇಲೆಯೇ.

ನಬ್ಜ್, ಅಂದರೆ ನಾಡಿ ಪರೀಕ್ಷೆಯನ್ನೇ ನೋಡಿ. ನಾಡಿಯ ಗಾತ್ರ, ಬಲ, ವೇಗ ಮುಂತಾದ ಹತ್ತು ಲಕ್ಷಣಗಳನ್ನು ಯುನಾನಿ ಗ್ರಂಥಗಳು ವಿವರಿಸುತ್ತವೆ. ಅವನ್ನು ಬಾಯಿಪಾಠ ಮಾಡಲು ವಾರ ಸಾಕು. ಬೆರಳಿಗೆ ಅದು ತಿಳಿಯಬೇಕಾದರೆ ಉಸ್ತಾದರ ಪಕ್ಕ ಕುಳಿತು ನೂರಾರು ರೋಗಿಗಳ ಕೈ ಹಿಡಿಯಬೇಕು.

ಸಾವಿರ ವರ್ಷಗಳ ಹಿಂದೆ ಅಲ್-ರಾಝಿಯವರು ಹೀಗೆಯೇ ಕಲಿಸುತ್ತಿದ್ದರೆಂದು ಇಬ್ನುನ್ನದೀಮ್ ಬರೆದಿದ್ದಾರೆ. ಶಿಷ್ಯರು ಸಾಲುಸಾಲಾಗಿ ಕೂರುತ್ತಿದ್ದರು. ರೋಗಿಯನ್ನು ಮೊದಲು ಹೊರಸಾಲಿನವರು ನೋಡುವರು. ಅವರಿಗೆ ತಿಳಿಯದಿದ್ದರೆ ಒಳಸಾಲಿನವರು, ಕೊನೆಗೆ ಸ್ವತಃ ರಾಝಿ. ಕ್ರಿ.ಶ. 931ರಲ್ಲಿ ಬಗ್ದಾದಿನಲ್ಲಿ ವೈದ್ಯರೊಬ್ಬರ ತಪ್ಪಿನಿಂದ ರೋಗಿ ತೀರಿಕೊಂಡಾಗ, ಪರೀಕ್ಷೆಯಲ್ಲಿ ತೇರ್ಗಡೆಯಾಗದವರು ಚಿಕಿತ್ಸೆ ನೀಡಬಾರದೆಂದು ಖಲೀಫ ಮುಕ್ತದಿರ್ ಆಜ್ಞಾಪಿಸಿದರು. ವೈದ್ಯ ವಿದ್ಯೆ ತಿಳಿಯದೆ ಚಿಕಿತ್ಸೆ ಮಾಡಿದವನೇ ಹಾನಿಗೆ ಹೊಣೆ ಎಂಬ ಪ್ರವಾದಿ(ಸ)ಯವರ ಮಾತು ನಮಗೆ ಅದಕ್ಕೂ ಮೊದಲೇ ಇದೆ.

ಇಂದು ಬಿ.ಯು.ಎಂ.ಎಸ್. ಪದವಿಗೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಕಡ್ಡಾಯ ಇಂಟರ್ನ್‌ಶಿಪ್. ಮುಂದಿನ ಓದಿಗೆ 1984ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಯುನಾನಿ ಸಂಸ್ಥೆ ಬೆಂಗಳೂರಿನಲ್ಲೇ ಇದೆ. ಆದರೂ ಔಷಧದಂಗಡಿಯಲ್ಲಿ ಕೆಲವು ವರ್ಷ ಪೊಟ್ಟಣ ಕಟ್ಟಿದವರು, ಮೊಬೈಲಿನಲ್ಲಿ ನೋಡಿ ಕಲಿತವರು ‘ಹಕೀಮ್’ ಎಂದು ಫಲಕ ಹಾಕುವುದುಂಟು. ಸರಿಯಾಗಿ ಶುದ್ಧಿಯಾಗದ ಲೋಹದ ಕುಶ್ತಾ ಮೂತ್ರಪಿಂಡವನ್ನೇ ಕೆಡಿಸಬಲ್ಲದು.

ಮನೆಯವರು ಇಷ್ಟನ್ನು ಗಮನಿಸಿ:

• ವೈದ್ಯರ ಪದವಿ ಮತ್ತು ನೋಂದಣಿ ಸಂಖ್ಯೆ ಕೇಳಿ. ಕೇಳುವುದು ಅಗೌರವವಲ್ಲ.

• ಈಗಾಗಲೇ ನುಂಗುತ್ತಿರುವ ಸಕ್ಕರೆ, ಬಿ.ಪಿ. ಮಾತ್ರೆಗಳನ್ನು ಮುಚ್ಚಿಡಬೇಡಿ.

• ಎದೆನೋವು, ಹಾವು ಕಡಿತ, ಹೆರಿಗೆಯ ರಕ್ತಸ್ರಾವಕ್ಕೆ ನೇರವಾಗಿ ಚಳ್ಳಕೆರೆ ಅಥವಾ ಮೊಳಕಾಲ್ಮೂರಿನ ಸರಕಾರಿ ಆಸ್ಪತ್ರೆಗೆ ಹೋಗಿ.

• ಕಾಲೇಜು ಆಸ್ಪತ್ರೆಯಲ್ಲಿ ವಿದ್ಯಾರ್ಥಿಗಳು ನೋಡಲು ಬಂದರೆ, ನಿಮಗೆ ಒಪ್ಪಿಗೆಯಿದ್ದರೆ ಸಹಕರಿಸಿ. ಮಹಿಳೆಯರು ಜೊತೆಗೆ ಹೆಣ್ಣುಮಕ್ಕಳು ಇರಲಿ ಎಂದು ಕೇಳಬಹುದು.

ವೈದ್ಯರಿಗೆ ರೋಗಿಯೂ ಉಸ್ತಾದರೇ. ನೀವು ಬಿಚ್ಚಿ ಹೇಳಿದ ತೊಂದರೆಯಿಂದ ಕಲಿತ ವಿದ್ಯಾರ್ಥಿ ನಾಳೆ ಇನ್ನೊಂದು ಮನೆಯ ಮಗುವನ್ನು ಉಳಿಸಬಹುದು.