ಕಾಲು, ವೀಸ, ಕಾಣಿ

ಇಂಗ್ಲೆಂಡಿನ ಮಕ್ಕಳ ಲೆಕ್ಕ ಕಠಿಣವೋ, ನಮ್ಮ ಮಕ್ಕಳದೋ? ಇದು ಇಂದು ಹುಟ್ಟಿದ ಪ್ರಶ್ನೆಯೆಂದು ತಿಳಿದವರು 1823ರ ಒಂದು ವರದಿಯನ್ನು ನೋಡಬೇಕು. ತೆಲುಗು ವ್ಯಾಕರಣವನ್ನು ರಚಿಸಿದ್ದ ಎ. ಡಿ. ಕ್ಯಾಂಬೆಲ್ ಆಗ ಬಳ್ಳಾರಿಯ ಕಲೆಕ್ಟರು. ಹೊಸಪೇಟೆ, ಹಂಪೆ, ಕಂಪ್ಲಿಗಳು ಅವನ ಜಿಲ್ಲೆಗೆ ಸೇರಿದ್ದವು. ಸಂಡೂರು ಮಾತ್ರ ಘೋರ್ಪಡೆ ಮನೆತನದ ಸಂಸ್ಥಾನ. ಗವರ್ನರ್ ಮನ್ರೋವಿನ ಆಜ್ಞೆಯಂತೆ ಅವನು ಲೆಕ್ಕಹಾಕಿಸಿದಾಗ ಜಿಲ್ಲೆಯಲ್ಲಿ ಕಂಡ ಶಾಲೆಗಳು 533, ಕನ್ನಡದವು 235.

ಮರಳಿನ ಮೇಲೆ ಅಕ್ಷರ ತಿದ್ದಿದ ಹುಡುಗರು ಮುಂದೆ ಲೆಕ್ಕಕ್ಕೆ ಬರುತ್ತಿದ್ದರು. ಕಲೆಕ್ಟರನ ಗಮನವನ್ನು ಸೆಳೆದದ್ದು ಅವರ ಭಿನ್ನರಾಶಿ. ಯುರೋಪಿನ ದಶಾಂಶ ಹತ್ತು ಹತ್ತಾಗಿ ಇಳಿಯುವಲ್ಲಿ ಇಲ್ಲಿಯದು ನಾಲ್ಕು ನಾಲ್ಕಾಗಿ ಇಳಿಯುತ್ತಿತ್ತು. ಒಂದರ ನಾಲ್ಕನೆಯ ಪಾಲು ಕಾಲು, ಕಾಲಿನ ನಾಲ್ಕನೆಯ ಪಾಲು ವೀಸ, ವೀಸದ ನಾಲ್ಕನೆಯ ಪಾಲು ಕಾಣಿ, ಎಂದರೆ ಅರುವತ್ತನಾಲ್ಕರಲ್ಲೊಂದು! ದಿನಕ್ಕೆರಡು ಸಲ ಮಕ್ಕಳು ಸಾಲಾಗಿ ನಿಂತು, ಹಿರಿಯ ವಿದ್ಯಾರ್ಥಿಯೊಬ್ಬನು ಹೇಳಿಕೊಟ್ಟಂತೆ ಇದನ್ನೆಲ್ಲ ಒಪ್ಪಿಸುತ್ತಿದ್ದರು. ಹಿರಿಯರು ಕಿರಿಯರಿಗೆ ಕಲಿಸುವ ಈ ಕ್ರಮವನ್ನು ಇಂಗ್ಲೆಂಡು ಅನುಕರಿಸಿದ್ದು ಯೋಗ್ಯವೇ ಆಯಿತೆಂದು ಕ್ಯಾಂಬೆಲ್ ಮೆಚ್ಚಿ ಬರೆದನು.

ಪರದೇಶದವರಿಗೆ ತೊಡಕಾಗಿ ಕಾಣುವ ಈ ಗಣಿತ ಸಂತೆಯಲ್ಲಿ ಸಹಜವಾದದ್ದು. ಭತ್ತದ ರಾಶಿಯನ್ನು ಎರಡು ಬಾರಿ ಅರೆಮಾಡಿದರೆ ಕಾಲು ಸಿದ್ಧ. ಹತ್ತು ಸಮಪಾಲು ಮಾಡುವುದು ಕಣ್ಣಳತೆಗೆ ಒಗ್ಗುವ ಕೆಲಸವಲ್ಲ. ರೂಪಾಯಿಗೆ 16 ಆಣೆಯಿದ್ದಷ್ಟು ಕಾಲ ಒಂದು ಆಣೆಯೆಂದರೆ ರೂಪಾಯಿಯ ವೀಸವೇ. 1957ರ ಏಪ್ರಿಲ್ 1ರಂದು ನೂರು ಪೈಸೆಯ ರೂಪಾಯಿ ಬಂದಮೇಲೆ ವೀಸಕ್ಕೆ ನೆಲೆ ತಪ್ಪಿತು. ಇಂಗ್ಲೆಂಡಿನಲ್ಲಾದರೋ 12 ಪೆನ್ನಿಗೆ ಒಂದು ಶಿಲಿಂಗು, 20 ಶಿಲಿಂಗಿಗೆ ಒಂದು ಪೌಂಡೆಂಬ ಗೋಜು 1971ರವರೆಗೂ ಉಳಿದಿತ್ತು. ಅಲ್ಲಿಯ ಮಕ್ಕಳೇನೂ ಸುಖಿಗಳಾಗಿರಲಿಲ್ಲ.

ಇಂದಿನ ಮಗ್ಗಿಗಳನ್ನೇ ಹೋಲಿಸಿದರೆ ಜಪಾನಿನ ಎರಡನೆಯ ತರಗತಿಯ ಮಗು ಒಂಬತ್ತೊಂಬತ್ಲವರೆಗೆ ಕಲಿಯುತ್ತದೆ. ಇಂಗ್ಲೆಂಡಿನಲ್ಲಿ ಎಂಟೊಂಬತ್ತು ವಯಸ್ಸಿನವರಿಗೆ 2022ರಿಂದ ಕಡ್ಡಾಯವಾದ ಪರೀಕ್ಷೆ ಹನ್ನೆರಡರ ಮಗ್ಗಿಗೆ ನಿಲ್ಲುತ್ತದೆ. ನಮ್ಮ ಮನೆಗಳಲ್ಲಿ ಇಪ್ಪತ್ತರ ಮಗ್ಗಿ ಬಾರದ ಮಗುವಿಗೆ ಬೈಗಳು ತಪ್ಪಿದ್ದಲ್ಲ. ಈ ಲೆಕ್ಕದಲ್ಲಿ ನಮ್ಮದೇ ಕಠಿಣ.

ಆದರೆ ಕಲಿತ ಗಣಿತವನ್ನು ಬಾಳಿನ ಸಂದರ್ಭಗಳಿಗೆ ಅನ್ವಯಿಸಬಲ್ಲರೇ ಎಂದು ಹದಿನೈದರ ವಯಸ್ಸಿನವರನ್ನು ಕೇಳುವ ‘ಪೀಸಾ’ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯ 2009ರ ಸುತ್ತಿನಲ್ಲಿ ಜಪಾನು ಮುಂದಿನ ಸಾಲಿನಲ್ಲಿತ್ತು. ಭಾರತದಿಂದ ಸೇರಿದ್ದ ತಮಿಳುನಾಡು, ಹಿಮಾಚಲ ಪ್ರದೇಶಗಳು ತೀರ ಕೊನೆಯಲ್ಲಿದ್ದವು. ಕರ್ನಾಟಕ ಅದರಲ್ಲಿ ಸೇರಿರಲಿಲ್ಲವೆಂದು ಸಮಾಧಾನಪಡುವಂತಿಲ್ಲ. ಇಲ್ಲಿಯೂ ಮಗ್ಗಿಯನ್ನು ಒಪ್ಪಿಸುವುದು ಹೆಚ್ಚು, ಬಳಸುವುದು ಕಡಮೆ. ಬಳ್ಳಾರಿಯ ಮಕ್ಕಳು ಅರ್ಥವರಿಯದೆ ಪದ್ಯಗಳನ್ನು ಗಿಳಿಗಳಂತೆ ಒಪ್ಪಿಸುವರೆಂದು ಕ್ಯಾಂಬೆಲ್ ಅದೇ ವರದಿಯಲ್ಲಿ ಆಕ್ಷೇಪಿಸಿದ್ದನು. ವೀಸ, ಕಾಣಿಗಳ ವಿಷಯದಲ್ಲಿ ಮಾತ್ರ ಅವನು ಆ ಮಾತನ್ನಾಡಲಿಲ್ಲ.